ರಾಯಚೂರಿನ ಬೇಸಿಗೆ, ಬಿಸಿಯೇರುವ ಲ್ಯಾಪ್‌ಟಾಪ್: ವಿಡಿಯೋ ಪಾಠದ ನಡುವೆ ಯಂತ್ರ ನಿಧಾನವಾಗುತ್ತಿದೆ, ದಯವಿಟ್ಟು ಸಲಹೆ ಕೊಡಿ

ರಾಯಚೂರು ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ದ್ವಿತೀಯ ಪಿಯುಸಿ ಎರಡನೆಯ ಪರೀಕ್ಷೆ ಬರೆಯಲಿರುವ ಮಕ್ಕಳಿಗಾಗಿ ಮನೆಯಲ್ಲಿಯೇ ಕುಳಿತು ಪಾಠಗಳ ವಿಡಿಯೋ ಸಿದ್ಧಪಡಿಸುತ್ತಿದ್ದೇನೆ. ಪರದೆಯ ಮೇಲೆ ಪೆನ್ನಿನಿಂದ ಬರೆಯುತ್ತ, ಅದನ್ನೂ ನನ್ನ ಧ್ವನಿಯನ್ನೂ ಒಟ್ಟಿಗೆ ರೆಕಾರ್ಡ್ ಮಾಡುವುದು ನನ್ನ ಕ್ರಮ. ನಾಲ್ಕು ವರ್ಷ ಹಳೆಯದಾದ, 15 ವ್ಯಾಟ್‌ನ ಇಂಟೆಲ್ ಐ5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ನನ್ನದು. ಜನವರಿಯಲ್ಲಿ ಇದೇ ಕೆಲಸವನ್ನು ಅದು ಯಾವ ತಕರಾರೂ ಇಲ್ಲದೆ ಮಾಡುತ್ತಿತ್ತು. ಈಗ ರೆಕಾರ್ಡಿಂಗ್ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಬರೆದ ಅಕ್ಷರ ತಡವಾಗಿ ಮೂಡುತ್ತದೆ, ಧ್ವನಿ ಮುಂದೆ ಹೋಗಿ ಚಿತ್ರ ಹಿಂದೆ ಉಳಿಯುತ್ತದೆ. ನಮ್ಮದು ಮೇಲಿನ ಮಹಡಿ. ಮಧ್ಯಾಹ್ನದ ಹೊತ್ತಿಗೆ ಛಾವಣಿ ಕಾದು ಕೋಣೆಯ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಎರಡು ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ತಂದು ಇಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಿದ್ದಾರೆ. ಯಂತ್ರ ನಿಜವಾಗಿಯೂ ಹಾಳಾಗಿದೆಯೇ, ಅಥವಾ ಇದು ಬಿಸಿಲಿನ ಪರಿಣಾಮ ಮಾತ್ರವೇ ಎಂಬುದನ್ನು ತಿಳಿದುಕೊಳ್ಳುವ ಬಗೆ ಹೇಗೆ?

ಬೆಂಗಳೂರು ಹಾರ್ಡ್‌ವೇರ್ ಎಂಜಿನಿಯರ್

ಮೇಡಂ, ನೀವು ಭೌತಶಾಸ್ತ್ರದವರಾದ್ದರಿಂದ ನೇರವಾಗಿ ಲೆಕ್ಕದಿಂದಲೇ ಆರಂಭಿಸುತ್ತೇನೆ. ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸುತ್ತದೆಯೋ ಅಷ್ಟೂ ಕೊನೆಗೆ ಶಾಖವಾಗಿ ಹೊರಬರುತ್ತದೆ. ಆ ಶಾಖ ಚಿಪ್‌ನಿಂದ ಅದರ ಮೇಲೆ ಹಚ್ಚಿರುವ ಥರ್ಮಲ್ ಪೇಸ್ಟ್ ಎಂಬ ಲೇಪಕ್ಕೆ, ಅಲ್ಲಿಂದ ತಾಮ್ರದ ಹೀಟ್ ಪೈಪ್‌ಗೆ, ಅಲ್ಲಿಂದ ತೆಳುವಾದ ಲೋಹದ ರೆಕ್ಕೆಗಳ ಸಾಲಿಗೆ, ಕಡೆಗೆ ಫ್ಯಾನ್ ತಳ್ಳುವ ಗಾಳಿಯ ಮೂಲಕ ಕೋಣೆಗೆ ಸೇರಬೇಕು. ಹೀಗಾಗಿ ಚಿಪ್‌ನ ಉಷ್ಣಾಂಶವೆಂದರೆ ಕೋಣೆಯ ಉಷ್ಣಾಂಶದ ಮೇಲೆ ಒಂದಿಷ್ಟು ಏರಿಕೆ, ಅಷ್ಟೇ. ಆ ಏರಿಕೆಯನ್ನು ವ್ಯಾಟ್‌ಗಳಿಂದ ಭಾಗಿಸಿದರೆ ನಿಮ್ಮ ಯಂತ್ರದ ಶೈತ್ಯವ್ಯವಸ್ಥೆ ಎಷ್ಟು ಸಮರ್ಥವಾಗಿದೆ ಎಂಬುದು ತಿಳಿಯುತ್ತದೆ; ಆ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಉದಾಹರಣೆಗೆ, ಪ್ರತಿ ವ್ಯಾಟ್‌ಗೆ 4 ಡಿಗ್ರಿ ಏರಿಕೆ ಎಂದುಕೊಳ್ಳೋಣ. 15 ವ್ಯಾಟ್‌ಗೆ 60 ಡಿಗ್ರಿ ಏರುತ್ತದೆ. ಜನವರಿಯಲ್ಲಿ ಕೋಣೆ 28 ಡಿಗ್ರಿ ಇದ್ದರೆ ಚಿಪ್ 88 ಡಿಗ್ರಿಯಲ್ಲಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಕೋಣೆಯೇ 42 ಡಿಗ್ರಿ ಇದ್ದರೆ ಅದು 102ಕ್ಕೆ ಹೋಗಬೇಕಾಗುತ್ತದೆ. ಆದರೆ ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಆ ಮಿತಿ ತಲುಪಿದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಕ್ಷರ ತಡವಾಗಿ ಮೂಡುವುದು ಇದರಿಂದಲೇ ಇರಬಹುದು. ಹಾಗಿದ್ದರೆ ಚಿಪ್ ಹಾಳಾಗಿಲ್ಲ, ತನ್ನ ರಕ್ಷಣೆಯ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಇನ್ನೊಂದು ಸಂಗತಿ: ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಗೆ ಸೂಚಿಸಿರುವ ಸುತ್ತಲಿನ ಉಷ್ಣಾಂಶದ ಗರಿಷ್ಠ ಮಿತಿ 35 ಡಿಗ್ರಿ. ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ ಎಷ್ಟೋ ಮನೆಗಳು ಮಧ್ಯಾಹ್ನದ ಹೊತ್ತು ಆ ಮಿತಿಯನ್ನು ದಾಟಿಯೇ ಇರುತ್ತವೆ. ಆದ್ದರಿಂದ ಕೋಣೆಯೂ ಯಂತ್ರದ ಒಂದು ಭಾಗ ಎಂದೇ ಭಾವಿಸಿ ಲೆಕ್ಕ ಹಾಕಬೇಕು.

ಈಗ ಅಳತೆ ಬೇಕು. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಸಿಪಿಯು (ಪ್ರೊಸೆಸರ್) ಉಷ್ಣಾಂಶ, ಪ್ಯಾಕೇಜ್ ಪವರ್ (ಚಿಪ್ ಬಳಸುತ್ತಿರುವ ವ್ಯಾಟ್) ಮತ್ತು ವೇಗ, ಈ ಮೂರನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಒಂದು ಸಾಧಾರಣ ಥರ್ಮಾಮೀಟರ್ ಇಟ್ಟು ಕೋಣೆಯ ಉಷ್ಣಾಂಶವನ್ನೂ ಗುರುತು ಮಾಡಿಕೊಳ್ಳಿ. ಅದಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಹುಬ್ಬಳ್ಳಿ ಗೇಮರ್

ಕೂಲಿಂಗ್ ಪ್ಯಾಡ್‌ನಿಂದ ಪ್ರಯೋಜನವಿಲ್ಲ ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ನನ್ನ 45 ವ್ಯಾಟ್‌ನ ಪ್ರೊಸೆಸರ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ಯಾಡ್ ಇಟ್ಟಾಗ ಹಲವು ಡಿಗ್ರಿಗಳಷ್ಟು ಇಳಿಕೆ ಕಾಣುತ್ತದೆ. ಮೇಡಂ ತಂದಿರುವುದು ಬಹುಶಃ ಅಗ್ಗದ ಪ್ಯಾಡ್ ಇರಬೇಕು.

ಬೆಂಗಳೂರು ಹಾರ್ಡ್‌ವೇರ್ ಎಂಜಿನಿಯರ್

ನಿಮ್ಮ ಅನುಭವ ನಿಜವೇ. ನಿಮ್ಮ ಯಂತ್ರದ ತಳಭಾಗದಲ್ಲಿ ಗಾಳಿ ಒಳಸೇರುವ ದೊಡ್ಡ ಜಾಲರಿ ಇದ್ದಿರಬೇಕು, ರೆಕ್ಕೆಗಳೂ ಶುಭ್ರವಾಗಿರಬೇಕು. ಅಂಥಲ್ಲಿ ಹೆಚ್ಚು ಗಾಳಿ ಸಿಕ್ಕರೆ ಅನುಕೂಲವಾಗುತ್ತದೆ. ಆದರೆ ಪ್ಯಾಡ್ ಊದುವುದು ಅದೇ ಕೋಣೆಯ 40 ಡಿಗ್ರಿಯ ಗಾಳಿಯನ್ನು. ತಳದಲ್ಲಿ ಜಾಲರಿ ಇಲ್ಲದೆ ಕೀಲಿಮಣೆಯ ಕಡೆಯಿಂದ ಗಾಳಿ ಎಳೆದುಕೊಳ್ಳುವ ಯಂತ್ರಕ್ಕೆ, ಅಥವಾ ಒಳಗೆ ರೆಕ್ಕೆಗಳೇ ಮುಚ್ಚಿಹೋಗಿರುವ ಯಂತ್ರಕ್ಕೆ, ಎಷ್ಟೇ ಬೆಲೆಯ ಪ್ಯಾಡ್ ತಂದರೂ ಅದು ಹೊರಗಿನ ಕವಚವನ್ನು ತಂಪು ಮಾಡುತ್ತದೆಯೇ ವಿನಾ ಚಿಪ್‌ನ ಶಾಖವನ್ನು ಹೊರತರುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್‌ನ ಹಿಂಭಾಗವನ್ನು ಎರಡು ಸಣ್ಣ ಮರದ ತುಂಡುಗಳ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತಿ ಇಟ್ಟರೆ, ಪ್ಯಾಡ್‌ನಿಂದ ದೊರಕುವ ಲಾಭದ ಬಹುಪಾಲು ಖರ್ಚಿಲ್ಲದೆ ದೊರಕುತ್ತದೆ. ಹಾಸಿಗೆ, ದಿಂಬು, ದಪ್ಪ ಮೇಜುಹಾಸಿನ ಮೇಲೆ ಮಾತ್ರ ಇಡಲೇಬಾರದು.

ರಾಯಚೂರು ಉಪನ್ಯಾಸಕಿ

ಧನ್ಯವಾದಗಳು ಸರ್. ಅಳತೆ ಮಾಡಿದೆ. ಕೋಣೆ 39 ಡಿಗ್ರಿ. ರೆಕಾರ್ಡಿಂಗ್ ನಡೆಯುವಾಗ ಚಿಪ್ 99ರಲ್ಲಿ ನಿಂತುಬಿಡುತ್ತದೆ, ವೇಗ 1 ಗಿಗಾಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ, ಪ್ಯಾಕೇಜ್ ಪವರ್ 8 ವ್ಯಾಟ್ ತೋರಿಸುತ್ತದೆ. ನಿಮ್ಮ ಲೆಕ್ಕದಂತೆ 60 ಡಿಗ್ರಿ ಏರಿಕೆಯನ್ನು 8ರಿಂದ ಭಾಗಿಸಿದರೆ ಪ್ರತಿ ವ್ಯಾಟ್‌ಗೆ 7.5 ಡಿಗ್ರಿ ಬರುತ್ತದೆ. ಅಂದರೆ ಬಿಸಿಲೊಂದೇ ಕಾರಣವಲ್ಲ, ಅಲ್ಲವೇ? ಬರೀ 8 ವ್ಯಾಟ್‌ಗೇ ಮಿತಿ ಮುಟ್ಟುತ್ತಿದೆ ಎಂದರೆ, ಶಾಖ ಹೊರಹೋಗುವ ದಾರಿಯಲ್ಲಿಯೇ ಎಲ್ಲೋ ತಡೆ ಇರಬೇಕು.

ಬೆಂಗಳೂರು ಹಾರ್ಡ್‌ವೇರ್ ಎಂಜಿನಿಯರ್

ಸರಿಯಾಗಿ ಗುರುತಿಸಿದ್ದೀರಿ. ಇಂಥ ಯಂತ್ರ 15 ವ್ಯಾಟ್‌ಗಳನ್ನು ನಿರಂತರವಾಗಿ ಹೊರಹಾಕುವಂತೆ ರೂಪಿಸಿದ್ದು. ಅದು 8ಕ್ಕೇ ಸೋಲುತ್ತಿದ್ದರೆ ಹತ್ತಿರ ಹತ್ತಿರ ಅರ್ಧದಷ್ಟು ಸಾಮರ್ಥ್ಯ ಹೋಗಿದೆ. ಕಾರಣಗಳು ಮೂರು ಇರಬಹುದು: ರೆಕ್ಕೆಗಳ ನಡುವೆ ಧೂಳು, ಒಣಗಿದ ಪೇಸ್ಟ್, ಇಲ್ಲವೇ ಫ್ಯಾನ್‌ನ ಸವೆತ. ಫ್ಯಾನ್ ಜೋರಾಗಿ ತಿರುಗುತ್ತಿದೆ ಎಂದು ನೀವೇ ಬರೆದಿದ್ದೀರಿ. ಒಂದು ಸಣ್ಣ ಪರೀಕ್ಷೆ ಮಾಡಿ: ಫ್ಯಾನ್ ಪೂರ್ಣ ಸದ್ದಿನಲ್ಲಿರುವಾಗ ಗಾಳಿ ಹೊರಬರುವ ಕಿಂಡಿಯ ಮುಂದೆ ಒಂದು ತೆಳು ಕಾಗದದ ಚೂರು ಹಿಡಿಯಿರಿ. ಸದ್ದು ಬಹಳ, ಕಾಗದದ ಅಲುಗಾಟ ಕಡಿಮೆ ಎಂದಾದರೆ ಧೂಳು ಎಂದೇ ತಿಳಿಯಿರಿ. ಗಾಳಿ ರಭಸವಾಗಿ ಬಂದರೂ ಅದು ಅಷ್ಟೇನೂ ಬಿಸಿಯಿಲ್ಲದೆ ಚಿಪ್ ಮಾತ್ರ ಕಾದಿದ್ದರೆ, ಪೇಸ್ಟ್ ಅಥವಾ ಹೀಟ್ ಪೈಪ್‌ನ ಕಡೆ ನೋಡಬೇಕು.

ರಾಯಚೂರು ಉಪನ್ಯಾಸಕಿ

ಕಾಗದ ಅಲುಗಾಡಲೇ ಇಲ್ಲ ಸರ್.

ಹುಬ್ಬಳ್ಳಿ ಸರ್ವಿಸ್ ತಂತ್ರಜ್ಞ

ಮೇಡಂ, ನಿಮ್ಮ ಮನೆಯ ಹತ್ತಿರ ಹತ್ತಿ ಗಿನ್ನಿಂಗ್ ಮಿಲ್ ಇದೆಯೇ? ರಾಯಚೂರು ಹತ್ತಿಗೆ ಹೆಸರಾದ ಮಾರುಕಟ್ಟೆ. ಆ ಕಡೆಯಿಂದ ನಮ್ಮಲ್ಲಿಗೆ ಬರುವ ಲ್ಯಾಪ್‌ಟಾಪ್‌ಗಳ ಒಳಗಿನ ಧೂಳಿಗೂ ಬೇರೆ ಊರಿನ ಧೂಳಿಗೂ ವ್ಯತ್ಯಾಸವಿದೆ. ಬರೀ ಮಣ್ಣಿನ ಧೂಳಾದರೆ ಒಂದಿಷ್ಟು ಗಾಳಿಯ ಜೊತೆ ಹೊರಗೆ ಹೋಗುತ್ತದೆ. ಹತ್ತಿಯ ಎಳೆ, ಬಟ್ಟೆಯ ನಾರು, ತಲೆಗೂದಲು ಸೇರಿದರೆ ಅವು ಫ್ಯಾನ್ ಮತ್ತು ರೆಕ್ಕೆಗಳ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು, ಅವುಗಳ ಮೇಲೆ ಮಣ್ಣು ಕೂತು, ಕಂಬಳಿಯ ತುಂಡಿನಂತೆ ಗಟ್ಟಿಯಾದ ಪದರವಾಗುತ್ತದೆ. ಹೊರಗಿನ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದರೆ ರೆಕ್ಕೆಗಳು ಹೊಳೆಯುತ್ತಿರುತ್ತವೆ, ಏಕೆಂದರೆ ಪದರ ಕೂರುವುದು ಒಳಬದಿಯಲ್ಲಿ. ಗ್ರಾಹಕರು ಎಲ್ಲ ಸ್ವಚ್ಛವಾಗಿದೆ ಎಂದುಕೊಳ್ಳುವುದು ಇದರಿಂದಲೇ.

ಹೊರಗಿನಿಂದ ಬ್ಲೋವರ್ ಹಿಡಿದು ಊದುವುದರಿಂದ ಆ ಪದರ ಹೊರಗೆ ಬರುವುದಿಲ್ಲ. ಹಿಂದಕ್ಕೆ ಸರಿದು ಫ್ಯಾನ್‌ನ ಮೇಲೆ ಬೀಳುತ್ತದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಫ್ಯಾನ್ ಅನ್ನು ಬೆರಳಿನಿಂದ ಹಿಡಿಯದೆ ಊದಿದರೆ ಅದು ತನ್ನ ಮಿತಿಗಿಂತ ವೇಗವಾಗಿ ತಿರುಗಿ ಬೇರಿಂಗ್ ಕೆಡುವ ಅಪಾಯವೂ ಇದೆ. ತಳದ ಕವಚವನ್ನು ತೆರೆದು, ಫ್ಯಾನ್ ಬಿಚ್ಚಿ, ಪದರವನ್ನು ಚಿಮುಟದಿಂದ ಎತ್ತಿ ತೆಗೆಯುವುದೊಂದೇ ಸರಿಯಾದ ದಾರಿ.

ನೀವೇ ತೆರೆಯುವುದಾದರೆ ಯಂತ್ರವನ್ನು ಪೂರ್ಣ ಆಫ್ ಮಾಡಿ, ಚಾರ್ಜರ್ ತೆಗೆದು, ಕವಚ ಬಿಚ್ಚಿದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ಹಾಳೆಯ ಮೇಲೆ ಯಂತ್ರದ ಚಿತ್ರ ಬರೆದು ಆಯಾ ಸ್ಥಾನದಲ್ಲಿ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ಜಾಗಕ್ಕೆ ಬಿಗಿದು ಮದರ್‌ಬೋರ್ಡ್ ತೂತಾದ ಯಂತ್ರಗಳನ್ನು ನಾವು ನೋಡುತ್ತಲೇ ಇರುತ್ತೇವೆ. ಹೀಟ್ ಸಿಂಕ್ (ಚಿಪ್ ಮೇಲೆ ಕೂರುವ, ಶಾಖ ಹೊರಸಾಗಿಸುವ ಲೋಹದ ಭಾಗ) ಮೇಲೆ 1, 2, 3, 4 ಎಂದು ಅಂಕಿ ಕೊರೆದಿರುತ್ತಾರೆ. ಬಿಗಿಯುವಾಗ ಆ ಕ್ರಮದಲ್ಲಿಯೇ, ಪ್ರತಿ ಸ್ಕ್ರೂವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹೀಟ್ ಸಿಂಕ್ ಎತ್ತಿದ ಮೇಲೆ ಹಳೆಯ ಪೇಸ್ಟ್ ಅನ್ನು ಉಳಿಸಿಕೊಂಡು ಮತ್ತೆ ಕೂರಿಸಬಾರದು. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಬದಿ ಒರೆಸಿ ಹೊಸದನ್ನು ಹಚ್ಚಲೇಬೇಕು. ಪಕ್ಕದ ಬಿಡಿಭಾಗಗಳ ಮೇಲೆ ಮೃದುವಾದ ಥರ್ಮಲ್ ಪ್ಯಾಡ್ ಇದ್ದರೆ ಅದರ ಜಾಗಕ್ಕೆ ಪೇಸ್ಟ್ ಹಾಕಬೇಡಿ. ಅಲ್ಲಿನ ಅಂತರ ದೊಡ್ಡದು, ಪೇಸ್ಟ್ ಅದನ್ನು ತುಂಬುವುದಿಲ್ಲ.

ಧಾರವಾಡ ಎಂಜಿನಿಯರಿಂಗ್ ವಿದ್ಯಾರ್ಥಿ

ತೆರೆಯುವುದೇ ಆದರೆ ಸಾಮಾನ್ಯ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಬಹುದಲ್ಲವೇ? ಅದರ ಉಷ್ಣವಾಹಕತೆ ಪೇಸ್ಟ್‌ಗಿಂತ ಹಲವು ಪಟ್ಟು ಹೆಚ್ಚು. ಕೆಲವು ಕಂಪನಿಗಳು ಕಾರ್ಖಾನೆಯಲ್ಲೇ ಅದನ್ನು ಹಾಕಿ ಮಾರುತ್ತಿವೆ.

ಬೆಂಗಳೂರು ಹಾರ್ಡ್‌ವೇರ್ ಎಂಜಿನಿಯರ್

ಬೇಡ ಎಂದು ಒತ್ತಿ ಹೇಳುತ್ತೇನೆ. ಲಿಕ್ವಿಡ್ ಮೆಟಲ್ ಎಂಬುದು ಗ್ಯಾಲಿಯಂನ ಮಿಶ್ರಲೋಹ. ಅದು ವಿದ್ಯುದ್ವಾಹಕ, ಒಂದು ಹನಿ ಜಾರಿ ಮದರ್‌ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಅಲ್ಯೂಮಿನಿಯಂಗೆ ತಾಗಿದರೆ ಆ ಲೋಹವನ್ನೇ ಪುಡಿಪುಡಿಯಾಗಿಸುತ್ತದೆ. ಕಾರ್ಖಾನೆಯಲ್ಲಿ ಅದನ್ನು ಬಳಸುವವರು ಸುತ್ತಲೂ ತಡೆಗೋಡೆ ಕಟ್ಟಿರುತ್ತಾರೆ. ದಿನವೂ ಚೀಲದಲ್ಲಿ ಓಡಾಡುವ ಯಂತ್ರಕ್ಕೆ ಮನೆಯಲ್ಲಿ ಅದನ್ನು ಹಚ್ಚುವುದು ಯೋಗ್ಯವಲ್ಲ. ಪೇಸ್ಟ್‌ನ ಕೆಲಸವೆಂದರೆ ಚಿಪ್ ಮತ್ತು ತಾಮ್ರದ ನಡುವಿನ ಸೂಕ್ಷ್ಮ ಸಂದುಗಳಿಂದ ಗಾಳಿಯನ್ನು ಹೊರದೂಡುವುದು. ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್, ತಾಮ್ರದ್ದು ಸುಮಾರು 400. ಇವೆರಡರ ನಡುವೆ ಸಾಧಾರಣ ಪೇಸ್ಟ್‌ನ ನಾಲ್ಕೈದರಷ್ಟು ಉಷ್ಣವಾಹಕತೆ ಕೂಡ 15 ವ್ಯಾಟ್‌ನ ಚಿಪ್‌ಗೆ ಧಾರಾಳವಾಗಿ ಸಾಕು.

ಹೀಟ್ ಪೈಪ್ ಬಗ್ಗೆಯೂ ಒಂದು ಮಾತು, ಮೇಡಂ ತರಗತಿಯಲ್ಲಿ ಹೇಳಲು ಅನುಕೂಲವಾಗಬಹುದು. ಅದು ಗಟ್ಟಿ ತಾಮ್ರದ ಕಂಬಿಯಲ್ಲ, ಒಳಗೆ ಟೊಳ್ಳಾದ ಕೊಳವೆ. ಗಾಳಿಯನ್ನು ಹೀರಿ ತೆಗೆದು, ಅಲ್ಪಸ್ವಲ್ಪ ನೀರನ್ನಷ್ಟೇ ಉಳಿಸಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗಿ, ತಣ್ಣನೆಯ ತುದಿಗೆ ಹೋಗಿ, ಅಲ್ಲಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ಲೋಮನಾಳ ಕ್ರಿಯೆಯಿಂದ ಹಿಂದಿರುಗುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಅವರು ಇದನ್ನು ರೂಪಿಸಿ ತೋರಿಸಿದ್ದು ಬಾಹ್ಯಾಕಾಶದ ಉಪಯೋಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಿಚ್ಚುವಾಗ ಈ ಕೊಳವೆ ಬಾಗದಂತೆ ನೋಡಿಕೊಳ್ಳಿ. ಬಾಗಿ ಬಿರುಕು ಬಿಟ್ಟರೆ ಒಳಗಿನ ನಿರ್ವಾತ ಹೋಗುತ್ತದೆ, ಅದನ್ನು ಸರಿಪಡಿಸಲಾಗದು.

ಮೈಸೂರು ತಂತ್ರಾಂಶ ಅಭಿವೃದ್ಧಿಗಾರ

ಶಾಖ ಹೊರಹಾಕುವುದರ ಬಗ್ಗೆ ಎಲ್ಲರೂ ಹೇಳಿದ್ದೀರಿ. ಶಾಖವೇ ಕಡಿಮೆ ಹುಟ್ಟುವಂತೆ ಮಾಡುವುದರಿಂದ ಇಲ್ಲಿ ಇನ್ನೂ ಹೆಚ್ಚಿನ ಪ್ರಯೋಜನವಿದೆ ಎಂಬುದು ನನ್ನ ಅಭಿಪ್ರಾಯ. ಮೇಡಂ, ನೀವು ರೆಕಾರ್ಡಿಂಗ್‌ಗೆ ಓಬಿಎಸ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಔಟ್‌ಪುಟ್ ವಿಭಾಗದಲ್ಲಿ ಎನ್‌ಕೋಡರ್ (ವಿಡಿಯೋವನ್ನು ಸಂಕುಚಿಸುವ ಭಾಗ) ಯಾವುದು ಎಂದು ನೋಡಿ. ಅಲ್ಲಿ ಎಕ್ಸ್264 ಎಂದಿದ್ದರೆ ವಿಡಿಯೋ ಸಂಕುಚನದ ಅಷ್ಟೂ ಹೊರೆ ಸಿಪಿಯುವಿನ ಮೇಲೆ ಬೀಳುತ್ತಿದೆ. ಇಂಟೆಲ್ 2011ರಿಂದ ತನ್ನ ಪ್ರೊಸೆಸರ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ, ಈ ಕೆಲಸಕ್ಕೆಂದೇ ಮೀಸಲಾದ ಭಾಗವನ್ನು ಇಡುತ್ತ ಬಂದಿದೆ. ಎನ್‌ಕೋಡರ್ ಅನ್ನು ಅದಕ್ಕೆ ಬದಲಾಯಿಸಿದರೆ ಅದೇ ಕೆಲಸ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಮುಗಿಯುತ್ತದೆ. ಕಪ್ಪುಹಲಗೆಯ ಮೇಲೆ ಬರೆಯುವಂಥ ಪಾಠಕ್ಕೆ ಸೆಕೆಂಡಿಗೆ 60 ಚಿತ್ರಗಳ ಅಗತ್ಯವಿಲ್ಲ. 30 ಸಾಕು, 24 ಇದ್ದರೂ ಮಕ್ಕಳಿಗೆ ತೊಂದರೆಯಾಗದು.

ಎರಡನೆಯದು, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ. 100ರ ಬದಲು ಶೇ. 99ಕ್ಕೆ ಇಳಿಸಿದರೆ, ಅನೇಕ ಇಂಟೆಲ್ ಯಂತ್ರಗಳಲ್ಲಿ ಟರ್ಬೋ ವೇಗ ನಿಂತುಹೋಗುತ್ತದೆ. ಟರ್ಬೋ ಎಂದರೆ ಅಲ್ಪಾವಧಿಗೆ 15 ವ್ಯಾಟ್‌ನ ಮಿತಿಯನ್ನು ಮೀರಿ ಓಡುವ ವ್ಯವಸ್ಥೆ. ಒಂದು ಕಡತ ತೆರೆಯುವಂಥ ಕ್ಷಣಿಕ ಕೆಲಸಕ್ಕೆ ಅದು ಒಳ್ಳೆಯದೇ, ಆದರೆ ಮುಕ್ಕಾಲು ಗಂಟೆಯ ರೆಕಾರ್ಡಿಂಗ್‌ಗೆ ಏರಿಳಿತವಿಲ್ಲದ ಸಮವೇಗವೇ ಮುಖ್ಯ.

ಲಿನಕ್ಸ್ ಬಳಸುವವರು ಸೆನ್ಸರ್ಸ್ ಆದೇಶದಿಂದ ಉಷ್ಣಾಂಶ ನೋಡಬಹುದು. ಇಂಟೆಲ್ ಯಂತ್ರಗಳಿಗೆ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮಲ್‌ಡಿ ಎಂಬ ಸೇವೆ ಇದೆ. ಪ್ರೊಸೆಸರ್‌ನ ವೋಲ್ಟೇಜ್ ತಗ್ಗಿಸುವ ಅಂಡರ್‌ವೋಲ್ಟಿಂಗ್ ಉಪಾಯವನ್ನು ಕೆಲವರು ಹೇಳುತ್ತಾರೆ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಹಿರಂಗವಾದ ಮೇಲೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ (ಯಂತ್ರ ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ನವೀಕರಣದ ಮೂಲಕ ಆ ಸೌಲಭ್ಯವನ್ನು ಮುಚ್ಚಲಾಗಿದೆ. ಅದನ್ನು ತೆರೆಯಲೆಂದು ಹಳೆಯ ಬಯಾಸ್‌ಗೆ ಹಿಂದಿರುಗುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಕಲಬುರಗಿ ಡಿಟಿಪಿ ಅಂಗಡಿ

ನಮ್ಮ ಭಾಗದಲ್ಲಿ ಒಣ ಬಿಸಿಲು ಇರುವುದರಿಂದ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆ 40ರಿಂದ 32ಕ್ಕೆ ಇಳಿದರೆ ಯಂತ್ರವೂ ಅಷ್ಟೇ ಇಳಿಯುತ್ತದೆ ಎಂಬುದು ಮೇಲಿನ ಲೆಕ್ಕದಿಂದಲೇ ಸ್ಪಷ್ಟ. ಆದರೆ ಕೂಲರ್‌ನ ನೇರ ಗಾಳಿಗೆ ಲ್ಯಾಪ್‌ಟಾಪ್ ಇಡಬೇಡಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಲವಣಾಂಶ ಹೆಚ್ಚು. ಸಣ್ಣ ಹನಿಗಳು ಒಳಗೆ ಸೇರಿ ಒಣಗಿದರೆ ಬಿಳಿಯ ಪುಡಿ ಉಳಿಯುತ್ತದೆ. ಕೂಲರ್ ಕಿಟಕಿಯ ಹೊರಗಿರಲಿ, ಎದುರಿನ ಕಿಟಕಿ ಅಥವಾ ಬಾಗಿಲು ತೆರೆದಿರಲಿ, ಯಂತ್ರ ಒಂದು ಪಕ್ಕಕ್ಕಿರಲಿ. ಹೆಚ್ಚು ಹೊರೆಯ ಪುಟವಿನ್ಯಾಸದ ಕೆಲಸಗಳನ್ನು ನಾವು ಬೇಸಿಗೆಯಲ್ಲಿ ಬೆಳಗ್ಗೆ ಹತ್ತರೊಳಗೆ ಮುಗಿಸಿಕೊಳ್ಳುತ್ತೇವೆ.

ಮಂಗಳೂರು ಬ್ಯಾಂಕ್ ಉದ್ಯೋಗಿ

ಕರಾವಳಿಯವರು ಈ ಸಲಹೆಯನ್ನು ಅನುಸರಿಸಬಾರದು. ಇಲ್ಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಕೂಲರ್‌ನಿಂದ ಸೆಕೆ ಹೆಚ್ಚುತ್ತದೆ ಅಷ್ಟೇ. ನಮ್ಮ ತೊಂದರೆ ಬೇರೆ. ಎಸಿ ಕೋಣೆಯಲ್ಲಿ ತಣ್ಣಗಾದ, ಆಫ್ ಆಗಿರುವ ಲ್ಯಾಪ್‌ಟಾಪ್ ಅನ್ನು ಹೊರಗೆ ತಂದೊಡನೆ ಅದರ ಮೇಲೂ ಒಳಗೂ ತೇವ ಕೂರಬಹುದು. ಚೀಲದಲ್ಲಿಯೇ ಅರ್ಧ ಗಂಟೆ ಬಿಟ್ಟು, ಹೊರಗಿನ ಉಷ್ಣಾಂಶಕ್ಕೆ ಬಂದ ಮೇಲೆ ಆನ್ ಮಾಡುವುದು ಒಳ್ಳೆಯದು.

ಕುವೈತ್ ಕನ್ನಡಿಗ

ಚೀಲದ ಮಾತು ಬಂದಿದ್ದರಿಂದ ಹೇಳುತ್ತೇನೆ. ಈಚಿನ ಬಹುಪಾಲು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳ ಮುಚ್ಚಿದರೆ ಯಂತ್ರ ಪೂರ್ಣವಾಗಿ ನಿದ್ರಿಸುವುದಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಸ್ಥಿತಿಯಲ್ಲಿ ಮೊಬೈಲ್‌ನಂತೆ ಅರೆ ಎಚ್ಚರದಲ್ಲಿದ್ದು, ಅಪ್‌ಡೇಟ್ ಬಂದರೆ ಚೀಲದೊಳಗೇ ಕೆಲಸ ಆರಂಭಿಸಿ ಕಾದುಬಿಡಬಹುದು. ಪ್ರಯಾಣಕ್ಕೆ ಮುನ್ನ ಹೈಬರ್ನೇಟ್ ಮಾಡಿ ಅಥವಾ ಪೂರ್ತಿ ಆಫ್ ಮಾಡಿ. ಇಲ್ಲಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪ್ ಬಿಡುವ ಮಾತೇ ಇಲ್ಲ. ರಾಯಚೂರಿನಲ್ಲೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದೇ ನಿಯಮ ಪಾಲಿಸಬೇಕು. ಲೀಥಿಯಂ ಬ್ಯಾಟರಿಗೆ ಪೂರ್ಣ ಚಾರ್ಜ್ ಮತ್ತು ಬಿಸಿ ಒಟ್ಟಿಗೆ ಸೇರಿದರೆ ಆಯುಷ್ಯ ಬೇಗ ಕುಗ್ಗುತ್ತದೆ. ಸದಾ ಚಾರ್ಜರ್ ಹಾಕಿಯೇ ಕೆಲಸ ಮಾಡುವವರು ಕಂಪನಿಯ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು ಶೇ. 80ಕ್ಕೆ ನಿಲ್ಲಿಸಿಕೊಳ್ಳಬೇಕು.

ಹುಬ್ಬಳ್ಳಿ ಸರ್ವಿಸ್ ತಂತ್ರಜ್ಞ

ಇದಕ್ಕೆ ಸೇರಿಸಬೇಕಾದ್ದು ಒಂದಿದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಕವಚ ಉಬ್ಬಿದ್ದರೆ, ಮೇಜಿನ ಮೇಲೆ ಇಟ್ಟಾಗ ಯಂತ್ರ ಓಲಾಡಿದರೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಅಂಥದ್ದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ನೇರವಾಗಿ ಸರ್ವಿಸ್‌ಗೆ ತನ್ನಿ. ಹಾಲಿನ ಪ್ಯಾಕೆಟ್ ಜೊತೆ ಕಸದ ಗಾಡಿಗೆ ಹಾಕಬಾರದು.

ಶಿವಮೊಗ್ಗ ಚರ್ಮವೈದ್ಯೆ

ಒಂದು ಸಣ್ಣ ಎಚ್ಚರಿಕೆ. ಬಿಸಿಯಾದ ಲ್ಯಾಪ್‌ಟಾಪ್ ಅನ್ನು ದಿನವೂ ಗಂಟೆಗಟ್ಟಲೆ ತೊಡೆಯ ಮೇಲಿಟ್ಟುಕೊಂಡರೆ ಸುಡದಿದ್ದರೂ ಚರ್ಮದ ಮೇಲೆ ಬಲೆಯಾಕಾರದ ಕಂದು ಕಲೆ ಮೂಡಬಹುದು. ಒಲೆಯ ಮುಂದೆ, ಕೆಂಡದ ಮುಂದೆ ಬಹುಕಾಲ ಕೂರುವವರಲ್ಲಿ ನಾವು ಹಿಂದಿನಿಂದ ಕಾಣುತ್ತಿದ್ದ ಕಲೆಯೇ ಇದು. ಶಾಖದ ಮೂಲವನ್ನು ದೂರ ಮಾಡಿದರೆ ಸಾಮಾನ್ಯವಾಗಿ ನಿಧಾನವಾಗಿ ಮಾಸುತ್ತದೆ. ಮಕ್ಕಳ ವಿಷಯದಲ್ಲಿ ವಿಶೇಷವಾಗಿ ಗಮನವಿರಲಿ.

ರಾಯಚೂರು ಉಪನ್ಯಾಸಕಿ

ಎಲ್ಲರ ಸಹಾಯಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು. ಇಲ್ಲಿಯೇ ಒಬ್ಬ ತಂತ್ರಜ್ಞರ ಬಳಿ ಕುಳಿತು, ಹುಬ್ಬಳ್ಳಿಯವರು ತಿಳಿಸಿದ ಕ್ರಮದಲ್ಲಿಯೇ ಯಂತ್ರವನ್ನು ತೆರೆಸಿದೆ. ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಬೂದುಬಣ್ಣದ ದಪ್ಪ ಪದರ ಅಡ್ಡಲಾಗಿ ನಿಂತಿತ್ತು. ಎಳೆದು ನೋಡಿದರೆ ಹತ್ತಿಯ ನಾರುಗಳು ಸ್ಪಷ್ಟವಾಗಿ ಕಂಡವು. ಪೇಸ್ಟ್ ಬದಲಾಯಿಸಿದ್ದಾರೆ. ಮನೆಗೆ ಬಂದು ಅಳೆದಾಗ ಪ್ರತಿ ವ್ಯಾಟ್‌ಗೆ 4.3 ಡಿಗ್ರಿ ಬಂತು. ಎನ್‌ಕೋಡರ್ ಬದಲಾಯಿಸಿ, ಟರ್ಬೋ ನಿಲ್ಲಿಸಿದ ಮೇಲೆ ರೆಕಾರ್ಡಿಂಗ್ 10 ವ್ಯಾಟ್‌ನಲ್ಲಿ ಸಾಗುತ್ತಿದೆ. ಕೋಣೆ 40 ಇದ್ದಾಗಲೂ ಚಿಪ್ 83ರ ಹತ್ತಿರ ನಿಲ್ಲುತ್ತದೆ, ಚಿತ್ರ ಮತ್ತು ಧ್ವನಿ ಒಟ್ಟಿಗೇ ಸಾಗುತ್ತವೆ. ಉಷ್ಣಗತಿಶಾಸ್ತ್ರದ ಪಾಠದಲ್ಲಿ ಹೀಟ್ ಪೈಪ್‌ನ ಉದಾಹರಣೆಯನ್ನು ಸೇರಿಸಿಕೊಂಡಿದ್ದೇನೆ.

ಇನ್ನೊಂದು ಪ್ರಶ್ನೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಗೋಡೆಗೆ ತಾಗಿದ ಉದ್ದನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಳನ್ನು ಒತ್ತೊತ್ತಾಗಿ ಇಟ್ಟಿದ್ದೇವೆ. ಅವುಗಳಲ್ಲಿ ಸಾಲಿನ ಬಲತುದಿಯ ಯಂತ್ರಗಳೇ ಹೆಚ್ಚು ಬಿಸಿಯಾಗುತ್ತವೆ. ಅವುಗಳಲ್ಲಿಯೂ ಧೂಳು ಇರಬಹುದೇ?

ಬೆಂಗಳೂರು ಹಾರ್ಡ್‌ವೇರ್ ಎಂಜಿನಿಯರ್

ಇರಬಹುದು, ಆದರೆ ತೆರೆಸುವ ಮೊದಲು ಗಾಳಿ ಹೊರಬರುವ ಕಿಂಡಿ ಯಾವ ಪಕ್ಕದಲ್ಲಿದೆ ಎಂದು ನೋಡಿ. ಅದು ಬಲಬದಿಗಿದ್ದರೆ ಪ್ರತಿಯೊಂದು ಯಂತ್ರವೂ ತನ್ನ ಬಿಸಿಗಾಳಿಯನ್ನು ಬಲಕ್ಕಿರುವ ಯಂತ್ರದ ಕಡೆಗೆ ಊದುತ್ತಿರುತ್ತದೆ. ಕಡೆಯ ಯಂತ್ರದ ಪಾಲಿಗೆ ಕೋಣೆಯ ಉಷ್ಣಾಂಶ 40 ಅಲ್ಲ, 45ರ ಮೇಲೂ ಇರಬಹುದು. ಥರ್ಮಾಮೀಟರ್ ಅನ್ನು ಕೋಣೆಯ ನಡುವೆ ಇಡದೆ, ಆ ಕಡೆಯ ಯಂತ್ರದ ಗಾಳಿ ಒಳಸೇರುವ ಜಾಗದ ಪಕ್ಕದಲ್ಲೇ ಇಟ್ಟು ಅಳೆಯಿರಿ. ಎರಡು ಯಂತ್ರಗಳ ನಡುವೆ ಕನಿಷ್ಠ ಒಂದು ಗೇಣು ಅಂತರ ಬಿಟ್ಟು, ಮೇಜನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದು, ಮತ್ತೆ ಅಳೆಯಿರಿ. ಆಗಲೂ ಪ್ರತಿ ವ್ಯಾಟ್‌ಗೆ 6 ಡಿಗ್ರಿಗಿಂತ ಹೆಚ್ಚು ಏರಿಕೆ ತೋರಿಸುವ ಯಂತ್ರಗಳನ್ನು ಮಾತ್ರ ತೆರೆಸಿ.

ಹುಬ್ಬಳ್ಳಿ ಸರ್ವಿಸ್ ತಂತ್ರಜ್ಞ

ತೆರೆಸುವುದಾದರೆ ಹತ್ತಿ ಹಂಗಾಮು ಮುಗಿದು ಬಿಸಿಲು ಏರುವ ಮುನ್ನ, ಫೆಬ್ರವರಿಯ ಹೊತ್ತಿಗೆ ಮಾಡಿಸಿ ಮೇಡಂ. ವಾರಂಟಿ ಇನ್ನೂ ಇರುವ ಯಂತ್ರಗಳನ್ನು ಹೊರಗೆ ತೆರೆಸದೆ, ನೀವು ಬರೆದಿಟ್ಟ ಅಳತೆಗಳ ಹಾಳೆಯ ಸಮೇತ ಕಂಪನಿಯ ಸರ್ವಿಸ್ ಸೆಂಟರ್‌ಗೆ ಕೊಡಿ. ಸುಮ್ಮನೆ ಬಿಸಿಯಾಗುತ್ತದೆ ಎಂದರೆ ಎಸಿ ಇರುವ ಅವರ ಕೋಣೆಯಲ್ಲಿ ಪರೀಕ್ಷಿಸಿ, ದೋಷವಿಲ್ಲ ಎಂದು ಹಿಂದಿರುಗಿಸುವ ಸಂಭವವಿದೆ.